ಮುಲೂಜ್ ಪೇಟೆಯ ಶಟರು ಮತ್ತೆ ಎದ್ದಿದ್ದು ಹೇಗೆ? ನೀವು ಕೇಳಿದ್ದು, ನಾನು ಕಂಡಿದ್ದು

ಹೋದ ಸಂಚಿಕೆಯಲ್ಲಿ ಫ್ರಾನ್ಸಿನ ಮುಲೂಜ್ ಎಂಬ ಊರಿನ ಬಗ್ಗೆ ಅರ್ಧ ಪುಟ ಬರೆದಿದ್ದೆ. ಜರ್ಮನಿ, ಸ್ವಿಟ್ಜರ್ಲೆಂಡ್ ಎರಡೂ ಗಡಿಗೆ ಹತ್ತಿರವಿರುವ ಅಲ್ಸಾಸ್ ಸೀಮೆಯ ಊರು ಅದು. ಲಕ್ಷ ದಾಟಿದ ಜನಸಂಖ್ಯೆ. ಜವಳಿ ಎಂಜಿನಿಯರಿಂಗ್ ಓದಲು ನಾನು ಅಲ್ಲಿದ್ದಾಗ ನಡು ಪೇಟೆಯಲ್ಲಿ ಶಟರು ಎಳೆದ ಅಂಗಡಿಗಳೇ ಜಾಸ್ತಿ ಕಣ್ಣಿಗೆ ಬೀಳುತ್ತಿದ್ದವು. ಈಚೆಗೆ ಮತ್ತೆ ಹೋದರೆ ಅದೇ ಬೀದಿಗಳಲ್ಲಿ ಭುಜಕ್ಕೆ ಭುಜ ತಾಗುವಷ್ಟು ಜನ. ಸಂತೆಯಂತೂ ಕೇಳಬೇಡಿ. ನಾನು ಬರೆದಿದ್ದು ಇಷ್ಟೇ. ಅದಕ್ಕೆ ಬಂದ ಪತ್ರಗಳು ನನ್ನ ಬರಹಕ್ಕಿಂತ ಉದ್ದ! ಹಾಗಾಗಿ ಈ ಸಲದ ಅಂಕಣ ಪೂರ್ತಿ ಮುಲೂಜ್‌ಗೇ. ಬೈದವರ ಪತ್ರವೂ ಇದೆ.

ಪ್ರಶ್ನೆ: ಮೇಡಂ, ಫ್ರಾನ್ಸಿನಂಥ ಶ್ರೀಮಂತ ದೇಶದಲ್ಲಿ ಊರಿನ ಪೇಟೆ ಮುಚ್ಚಿಹೋಗುವುದು ಅಂದರೇನು? ಜನರ ಕೈಯಲ್ಲಿ ದುಡ್ಡಿರಲಿಲ್ಲವೇ? (ಬ್ಯಾಂಕಿನಿಂದ ನಿವೃತ್ತರಾದ ಓದುಗರು)

ಉತ್ತರ: ದುಡ್ಡಿತ್ತು ಸರ್. ಜೊತೆಗೆ ಕಾರೂ ಬಂತು. ತೊಂದರೆ ಶುರುವಾಗಿದ್ದೇ ಅಲ್ಲಿಂದ.

1963ರ ಜೂನ್‌ನಲ್ಲಿ ಪ್ಯಾರಿಸ್ ಹೊರವಲಯದ ಸೇಂತ್ ಜೆನೆವಿಯೆವ್ ದೆ ಬ್ವಾ ಎಂಬಲ್ಲಿ ಕಾರ್ಫೂರ್ ಕಂಪನಿ ತನ್ನ ಮೊದಲ ಹೈಪರ್‌ಮಾರ್ಕೆಟ್ ತೆರೆಯಿತು. 2,500 ಚದರ ಮೀಟರ್ ಮಳಿಗೆ, ಎದುರಿಗೆ ನೂರಾರು ಕಾರು ನಿಲ್ಲಿಸುವ ಬಯಲು. ಸೊಪ್ಪು, ಸಾಬೂನು, ಸಾಕ್ಸು ಎಲ್ಲ ಒಂದೇ ಸೂರಿನಡಿ. ಜನ ಮರುಳಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಹತ್ತು ವರ್ಷದಲ್ಲಿ ಸಣ್ಣ ಅಂಗಡಿಯವರು ಬೀದಿಗಿಳಿದರು. 1973ರ ಕೊನೆಯಲ್ಲಿ ರುವಾಯೆ ಕಾನೂನು ಬಂತು. ದೊಡ್ಡ ಮಳಿಗೆ ಕಟ್ಟಬೇಕಾದರೆ ಸ್ಥಳೀಯ ಸಮಿತಿಯ ಒಪ್ಪಿಗೆ ಬೇಕು ಅಂತಾಯಿತು. ಆದರೂ ಹೈಪರ್‌ಮಾರ್ಕೆಟ್‌ಗಳು ಹಬ್ಬುತ್ತಲೇ ಹೋದವು. 1996ರಲ್ಲಿ ಒಪ್ಪಿಗೆ ಬೇಕಾದ ಮಿತಿಯನ್ನು 300 ಚದರ ಮೀಟರಿಗೆ ಇಳಿಸಿ ಬಿಗಿ ಮಾಡಿದರು. 2008ರಲ್ಲಿ ಅದೇ ಮಿತಿಯನ್ನು 1,000ಕ್ಕೆ ಏರಿಸಿ ಸಡಿಲ ಬಿಟ್ಟರು. ಒಂದು ಕೈಯಲ್ಲಿ ಕಟ್ಟುವುದು, ಇನ್ನೊಂದು ಕೈಯಲ್ಲಿ ಬಿಚ್ಚುವುದು.

ಇನ್ನೊಂದು ಸಂಗತಿ ಇದೆ. ಫ್ರಾನ್ಸಿನಲ್ಲಿ ಸುಮಾರು 35,000 ಸ್ಥಳೀಯ ಆಡಳಿತಗಳಿವೆ. ಪ್ರತಿಯೊಂದಕ್ಕೂ ಒಬ್ಬ ಮೇಯರ್. ಇನ್ನೂರು ಮನೆಯ ಹಳ್ಳಿಗೂ ಒಬ್ಬ ಮೇಯರ್! ನಡು ಊರಿನ ಮೇಯರ್ ಬೇಡ ಅಂದರೂ ಪಕ್ಕದ ಊರಿನವರಿಗೆ ತೆರಿಗೆ ಬೇಕು, ನಾಲ್ಕು ಜನಕ್ಕೆ ಕೆಲಸ ಬೇಕು. ಅವರು ಜಾಗ ಕೊಟ್ಟುಬಿಡುತ್ತಾರೆ. ಮುಲೂಜ್ ಸುತ್ತ ಇಲ್ಜಾಕ್, ಕಿಂಗರ್ಸೈಮ್, ವಿಟನೈಮ್ ಕಡೆ ಹಾಗೇ ಆಯಿತು. ದೊಡ್ಡ ದೊಡ್ಡ ಡಬ್ಬದಂಥ ಮಳಿಗೆಗಳು ಅಲ್ಲಿ ಎದ್ದವು.

ಮುಲೂಜ್‌ಗೆ ತನ್ನದೇ ಕಷ್ಟವೂ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಫ್ರಾನ್ಸಿನ ಮ್ಯಾಂಚೆಸ್ಟರ್ ಅನ್ನುತ್ತಿದ್ದರು, ನೂರು ಚಿಮಣಿಗಳ ಊರು ಅನ್ನುತ್ತಿದ್ದರು. ಬಟ್ಟೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹತ್ತಿರದ ಪೊಟ್ಯಾಶ್ ಗಣಿಗಳಲ್ಲಿ ಕೊನೆಯದೂ 2002ರಲ್ಲಿ ನಿಂತಿತು. ಕೈಯಲ್ಲಿ ನಾಲ್ಕು ಕಾಸಿದ್ದವರು ಸುತ್ತಲಿನ ಊರುಗಳಲ್ಲಿ ತೋಟದ ಮನೆ ಮಾಡಿಕೊಂಡರು. ಕಡಿಮೆ ಬಾಡಿಗೆಯ ಹಳೆ ಮನೆಗಳಲ್ಲಿ ಉಳಿದವರು ಕೂಲಿಯವರು, ಹೊರದೇಶದಿಂದ ಬಂದವರು, ನಮ್ಮಂಥ ವಿದ್ಯಾರ್ಥಿಗಳು. ನಾವು ಎಷ್ಟು ಖರೀದಿ ಮಾಡಿಯೇವು ಹೇಳಿ?

ಪ್ರಶ್ನೆ: ಹಾಗಾದರೆ ಏನು ಮಾಡಿದರು? ಗುಟ್ಟು ಬಿಟ್ಟುಕೊಡಿ. (ಪುರಸಭೆ ಸದಸ್ಯರೊಬ್ಬರು, ಊರು ಹಾಕಬೇಡಿ ಎಂದಿದ್ದಾರೆ)

ಉತ್ತರ: ಗುಟ್ಟೇನೂ ಇಲ್ಲ ಸ್ವಾಮಿ. ಬೇಸರದ ಕೆಲಸ, ವರ್ಷಗಟ್ಟಲೆ ಮಾಡಿದರು.

2006ರಲ್ಲಿ ಟ್ರಾಮ್ ಓಡಿಸಿದರು. ನಡು ಪೇಟೆಯ ಬೀದಿಗಳಿಂದ ಕಾರು ಹೊರಗೆ ಹಾಕಿದರು, ಕಲ್ಲು ಹಾಸಿದರು, ಮರ ನೆಟ್ಟರು, ಕೂರಲು ಬೆಂಚು ಇಟ್ಟರು. ನಾನಿದ್ದಾಗ ಇಷ್ಟು ಆಗಿತ್ತು. ಆದರೂ ಅಂಗಡಿ ಮುಚ್ಚುತ್ತಲೇ ಇದ್ದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ನಾವು ನಾಲ್ಕು ಜನ ಕನ್ನಡದಲ್ಲೇ ಆಡಿಕೊಳ್ಳುತ್ತಿದ್ದೆವು.

ನಿಜವಾದ ತಿರುವು 2011ರದ್ದು ಅನ್ನುತ್ತಾರೆ. ನಗರಸಭೆ ಪೇಟೆಗೇ ಅಂತ ಒಬ್ಬ ಮ್ಯಾನೇಜರ್ ಇಟ್ಟಿತು. ಅವರ ಕೆಲಸ ಭಾಷಣ ಮಾಡುವುದಲ್ಲ. ಯಾವ ಅಂಗಡಿ ಖಾಲಿ ಇದೆ, ಮಾಲೀಕರು ಯಾರು, ಎಷ್ಟು ಬಾಡಿಗೆ ಕೇಳುತ್ತಾರೆ, ಒಳಗೆ ನೀರು ಸೋರುತ್ತದಾ, ಇದೆಲ್ಲ ಬಾಯಿಪಾಠ ಮಾಡಿಕೊಳ್ಳುವುದು. ಆಮೇಲೆ ಅಂಗಡಿ ಇಡಬೇಕು ಅಂತ ಬಂದವರ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸುವುದು. ಬಾಡಿಗೆ ಜಾಸ್ತಿ ಕೇಳುವ ಮಾಲೀಕರ ಹತ್ತಿರ ಕೂತು ಮಾತಾಡುವುದು. ಎರಡು ವರ್ಷ ಖಾಲಿ ಇಡುವ ಬದಲು ಕಡಿಮೆ ಬಾಡಿಗೆಗೆ ಕೊಡಿ ಅಂತ ಒಪ್ಪಿಸುವುದು. ನಮ್ಮ ಕಡೆ ಮದುವೆ ದಲ್ಲಾಳಿಗಳು ಮಾಡುವ ಕೆಲಸ ಇದು, ಅಷ್ಟೇ ತಾಳ್ಮೆ ಬೇಕು.

ಮುಂದಿನ ಎಂಟು ವರ್ಷಗಳಲ್ಲಿ ನಾನೂರಕ್ಕೂ ಹೆಚ್ಚು ಹೊಸ ಅಂಗಡಿ, ಹೋಟೆಲು, ಕೆಫೆಗಳು ನಡು ಪೇಟೆಯಲ್ಲಿ ತೆರೆದವು. ಬಹುಪಾಲು ಯಾವುದೇ ದೊಡ್ಡ ಬ್ರ್ಯಾಂಡಿಗೆ ಸೇರದ, ಸ್ವಂತದ ಅಂಗಡಿಗಳು. ಇದು ನನಗೆ ಬಹಳ ಮುಖ್ಯ ಅನಿಸುತ್ತದೆ. ಬ್ರ್ಯಾಂಡಿನ ಅಂಗಡಿ ಲೆಕ್ಕ ತಪ್ಪಿದ ಮರುದಿನ ಎದ್ದು ಹೋಗುತ್ತದೆ. ಮನೆ ಅಡ ಇಟ್ಟು ಬೇಕರಿ ತೆರೆದವರು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಮುಲೂಜ್ ಬಿಟ್ಟು ಒಟ್ಟಾರೆ ಫ್ರಾನ್ಸ್ ನೋಡಿದರೆ ನಗರಸಭೆಗಳ ಕೈಗೆ ಕಾನೂನು ಕೆಲವು ಅಸ್ತ್ರ ಕೊಟ್ಟಿದೆ. ಪುರಸಭೆಯವರಾದ್ದರಿಂದ ನಿಮಗೆ ಇಷ್ಟವಾಗಬಹುದು. ಅಂಗಡಿ ಎರಡು ವರ್ಷಕ್ಕಿಂತ ಜಾಸ್ತಿ ಸುಮ್ನೆ ಬಿದ್ದಿದ್ದರೆ ಮಾಲೀಕರಿಗೆ ವಿಶೇಷ ತೆರಿಗೆ ಹಾಕಬಹುದು. ಸರ್ಕಾರಿ ಲೆಕ್ಕದ ಬಾಡಿಗೆ ಮೌಲ್ಯದ ಅರ್ಧದ ಮೇಲೆ ಮೊದಲ ವರ್ಷ ಶೇ. 10, ಆಮೇಲೆ 15, ಆಮೇಲೆ 20. ಬೇಕಿದ್ದರೆ ದುಪ್ಪಟ್ಟು ಮಾಡುವ ಅಧಿಕಾರವೂ ಇದೆ. ಇನ್ನೊಂದು, 2005ರ ಕಾನೂನಿನ ಪ್ರಕಾರ ಗೊತ್ತುಮಾಡಿದ ಬೀದಿಗಳಲ್ಲಿ ಯಾರಾದರೂ ಅಂಗಡಿ ವ್ಯಾಪಾರ ಮಾರುವಾಗ ಮೊದಲು ನಗರಸಭೆಗೆ ತಿಳಿಸಬೇಕು. ನಗರಸಭೆಗೆ ಬೇಕೆನಿಸಿದರೆ ತಾನೇ ಕೊಂಡು ಬೇರೆ ಕಸುಬಿನವರಿಗೆ ಕೊಡಬಹುದು. ಒಂದೇ ಬೀದಿಯಲ್ಲಿ ಹತ್ತು ಮೊಬೈಲ್ ಕವರ್ ಅಂಗಡಿ ಆಗುವುದನ್ನು ಹೀಗೆ ತಡೆಯುತ್ತಾರೆ.

ಕೇಂದ್ರ ಸರ್ಕಾರ ಎಚ್ಚೆತ್ತಿದ್ದು ತಡವಾಗಿ. 2018ರಲ್ಲಿ 222 ಮಧ್ಯಮ ಊರುಗಳ ನಡು ಪೇಟೆಗಾಗಿ ಐದು ವರ್ಷಕ್ಕೆ 500 ಕೋಟಿ ಯೂರೋ ತೆಗೆದಿಟ್ಟರು. 2020ರಲ್ಲಿ 20,000ಕ್ಕಿಂತ ಕಡಿಮೆ ಜನ ಇರುವ ಸಣ್ಣ ಊರುಗಳಿಗೆ ಇನ್ನೊಂದು ಯೋಜನೆ ಬಂತು. ಅದಕ್ಕೆ 1,600ಕ್ಕೂ ಹೆಚ್ಚು ಊರುಗಳು ಸೇರಿದವು.

ಪ್ರಶ್ನೆ: ಅಕ್ಕಾ, ಸಂತೆ ಬಗ್ಗೆ ಒಂದೇ ಸಾಲು ಬರೆದು ಮುಗಿಸಿಬಿಟ್ಟಿರಿ. ಅಲ್ಲಿ ಏನೇನು ಸಿಗುತ್ತೆ, ಯಾರು ಮಾರ್ತಾರೆ, ಸದ್ದುಗದ್ದಲ ಇರುತ್ತಾ? ಪೂರ್ತಿ ಹೇಳಿ. (ಪಿಯುಸಿ ಓದುವ ಹುಡುಗಿ)

ಉತ್ತರ: ಈ ಪ್ರಶ್ನೆಗೇ ಕಾಯುತ್ತಿದ್ದೆ ಪುಟ್ಟಿ.

ಮುಲೂಜ್‌ನ ಸಂತೆಗೆ ಕನಾಲ್ ಕೂವೆರ್ ಸಂತೆ ಅನ್ನುತ್ತಾರೆ. ಹಿಂದೆ ಅಲ್ಲಿ ಕಾಲುವೆ ಹರಿಯುತ್ತಿತ್ತು, ಮೇಲೆ ಮುಚ್ಚಿ ಜಾಗ ಮಾಡಿದರು. ಮಂಗಳವಾರ, ಗುರುವಾರ, ಶನಿವಾರ ಸೇರುತ್ತದೆ. ಒಳಗೊಂದು ದೊಡ್ಡ ಹಾಲ್, ಹೊರಗೆ ಬಯಲು. ಶನಿವಾರ ಎರಡೂ ಸೇರಿ ಮುನ್ನೂರಕ್ಕೂ ಹೆಚ್ಚು ವ್ಯಾಪಾರಿಗಳು. ಬೆಳಗ್ಗೆ ಎಂಟಕ್ಕೆ ಹೋದರೆ ನಡೆದಾಡಬಹುದು. ಹತ್ತೂವರೆಗೆ ಹೋದರೆ ಜನ ತಳ್ಳಿದ ಕಡೆ ಹೋಗಬೇಕು.

ಒಳಗಿನ ಹಾಲ್‌ನಲ್ಲಿ ಮಾಂಸ, ಮೀನು, ಬ್ರೆಡ್ಡು, ಚೀಸ್. ಚೀಸ್ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡಬೇಕು. ಮ್ಯುನ್‌ಸ್ಟರ್ ಅಂತ ಅಲ್ಲಿನ ಗುಡ್ಡಗಾಡಿನ ಚೀಸ್ ಇದೆ. ಕಿತ್ತಳೆ ಬಣ್ಣದ ಸಿಪ್ಪೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ, ಒಳಗೆ ಬೆಣ್ಣೆಯಷ್ಟು ಮೆತ್ತಗೆ. ನನ್ನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ಒಂದು ಕೊಡಿ ಅಂದರು. ಅಂಗಡಿಯಾಕೆ ತಕ್ಷಣ ಕಟ್ಟಿಕೊಡಲಿಲ್ಲ. "ಇವತ್ತು ರಾತ್ರಿಗಾ, ನಾಳೆ ಮಧ್ಯಾಹ್ನಕ್ಕಾ?" ಅಂತ ಕೇಳಿದರು. ನಾಳೆಗೆ, ಮೊಮ್ಮಕ್ಕಳು ಬರ್ತಾರೆ ಅಂದರು ಅಜ್ಜಿ. ಅಂಗಡಿಯಾಕೆ ಹೆಬ್ಬೆರಳಿಂದ ಒಂದು ಚೀಸ್ ಮೆಲ್ಲಗೆ ಒತ್ತಿದರು, ತಲೆ ಅಲ್ಲಾಡಿಸಿ ಬದಿಗಿಟ್ಟರು. ಇನ್ನೊಂದನ್ನು ಒತ್ತಿದರು. ಮೂರನೆಯದು ಸರಿ ಬಂತು. ಅದನ್ನು ಕಾಗದದಲ್ಲಿ ಸುತ್ತಿ, ಫ್ರಿಜ್ಜಿನಿಂದ ಬೆಳಗ್ಗೆಯೇ ಹೊರಗೆ ತೆಗೆದಿಡಿ ಅಂತ ಹೇಳಿ ಕೊಟ್ಟರು. ಹಿಂದೆ ಇದ್ದ ಎಂಟು ಜನ ಒಬ್ಬರೂ ಗೊಣಗಲಿಲ್ಲ. ಅವರಿಗೂ ತಮ್ಮ ಸರದಿ ಬಂದಾಗ ಅಷ್ಟೇ ಹೊತ್ತು ಬೇಕಲ್ಲ!

ಹೊರಗೆ ಬಂದರೆ ಲೋಕವೇ ಬೇರೆ. ಒಂದು ಸಾಲಿನಲ್ಲಿ ಸುತ್ತಲ ಹಳ್ಳಿಗಳ ರೈತರು. ನಾನು ಹೋಗಿದ್ದು ಸೆಪ್ಟೆಂಬರ್. ಕೆತ್ಶ್ ಅನ್ನುವ ನೀಲಿ ಪ್ಲಮ್ ಹಣ್ಣಿನ ರಾಶಿ, ಹೊಸ ಅಕ್ರೋಟು, ಸಿಹಿಗುಂಬಳ, ಹುಳಿ ಬರಿಸಲು ಕೊಳ್ಳುವ ದಪ್ಪ ಎಲೆಕೋಸು. ವಯಸ್ಸಾದವರು ತಮ್ಮೊಳಗೆ ಅಲ್ಸೇಷಿಯನ್ ಮಾತಾಡುತ್ತಾರೆ, ಕಿವಿಗೆ ಜರ್ಮನ್ ಥರ ಕೇಳುತ್ತದೆ. ಎರಡು ಸಾಲು ದಾಟಿದರೆ ಅರಬ್ಬಿ, ಟರ್ಕಿಶ್. ಪುದೀನ, ಕೊತ್ತಂಬರಿ ಕಟ್ಟುಗಳನ್ನು ಎದೆಯೆತ್ತರ ಪೇರಿಸಿ ಕೂಗುತ್ತಿರುತ್ತಾರೆ. ಬೆಂಡೆಕಾಯಿ ಸಿಗುತ್ತದೆ! ಓದುವಾಗ ನಮ್ಮ ಸಾರು ಮಾಡಲು ಬೇಕಾದದ್ದು ಸಿಗುತ್ತಿದ್ದುದೇ ಈ ಸಾಲಿನಲ್ಲಿ. ಕೊತ್ತಂಬರಿ ಬೀಜ, ಜೀರಿಗೆ, ಕಡಲೆ, ಬೇಳೆ ಎಲ್ಲ ಚೀಲದಲ್ಲಿ ತೆರೆದಿಟ್ಟಿರುತ್ತಾರೆ. ಇನ್ನೂ ಮುಂದೆ ಹೋದರೆ ಬಟ್ಟೆ, ಚಪ್ಪಲಿ, ಪಾತ್ರೆ, ಪರದೆ, ಸೂಟ್‌ಕೇಸು.

ಇಲ್ಲಿ ಒಂದು ಮಾತು ಹೇಳಲೇಬೇಕು. ಪೇಟೆ ಅರ್ಧ ಮುಚ್ಚಿದ್ದ ದಿನಗಳಲ್ಲೂ ಈ ಸಂತೆಗೆ ಜನ ಇದ್ದೇ ಇದ್ದರು. ಪೇಟೆಗೆ ಜೀವ ಬಂದದ್ದನ್ನು ಹೊಗಳುವವರು ಕಲ್ಲುಹಾಸು, ಹೊಸ ಕೆಫೆಗಳ ಹೆಸರು ಹೇಳುತ್ತಾರೆ. ನನ್ನ ಪ್ರಕಾರ ಊರಿನ ನಡುವೆ ವಾರಕ್ಕೆ ಮೂರು ಸಲ ಜನ ಬರುವ ಅಭ್ಯಾಸ ತಪ್ಪದಂತೆ ಕಾಪಾಡಿದ್ದು ಈ ಸೊಪ್ಪಿನವರು, ಮೀನಿನವರು. ಆ ಅಭ್ಯಾಸ ಇರದಿದ್ದರೆ ಮ್ಯಾನೇಜರ್ ತಂದ ಅಂಗಡಿಗಳಿಗೆ ಗಿರಾಕಿ ಎಲ್ಲಿಂದ ಬರಬೇಕಿತ್ತು?

ಪ್ರಶ್ನೆ: ಚೌಕಾಸಿ ನಡೆಯುತ್ತದೆಯೇ? (ಗೃಹಿಣಿ)

ಉತ್ತರ: ತರಕಾರಿ, ಚೀಸ್‌ಗೆ ಇಲ್ಲಮ್ಮ. ಕಿಲೋಗೆ ಎಷ್ಟು ಅಂತ ಬೋರ್ಡು ಹಾಕಿರಲೇಬೇಕು, ಅದು ಕಾನೂನು. ಹಣ್ಣು ತರಕಾರಿ ಯಾವ ದೇಶದ್ದು ಅಂತಲೂ ಬರೆದಿರಬೇಕು. ಆದರೆ ಸಂತೆ ಮುಗಿಯುವ ಹೊತ್ತಿಗೆ ಬೆಲೆ ತಾನೇ ಇಳಿಯುತ್ತದೆ. ಮೂರು ಬುಟ್ಟಿ ಸ್ಟ್ರಾಬೆರಿ ಎರಡರ ಬೆಲೆಗೆ ಅಂತ ಅವರೇ ಕೂಗುತ್ತಾರೆ. ಬಟ್ಟೆ, ಚಪ್ಪಲಿ ಸಾಲಿನಲ್ಲಿ ನಗುನಗುತ್ತಾ ಕೇಳಿ ನೋಡಬಹುದು. ಒಂದು ಮಾತ್ರ ನೆನಪಿರಲಿ. ಮೊದಲು ಬೋಂಜೂರ್ ಅಂತ ನಮಸ್ಕಾರ ಹೇಳಿ, ಆಮೇಲೆ ಬೆಲೆ ಕೇಳಿ. ನೇರವಾಗಿ "ಎಷ್ಟು?" ಅಂದರೆ ಮುಖ ಗಂಟಿಕ್ಕುತ್ತಾರೆ. ಟೊಮೇಟೊ ಒತ್ತಿ ನೋಡುವ ನಮ್ಮ ಅಭ್ಯಾಸವನ್ನೂ ಮನೆಯಲ್ಲಿ ಬಿಟ್ಟು ಹೋಗಿ. ಬಹಳ ಕಡೆ ಅವರೇ ಆರಿಸಿ ಕೊಡುತ್ತಾರೆ. ಇನ್ನು ಚೀಲ ನಿಮ್ಮದೇ ಇರಲಿ. ತೆಳು ಪ್ಲಾಸ್ಟಿಕ್ ಕೈಚೀಲ 2016ರಿಂದಲೇ ಬಂದ್.

ಪ್ರಶ್ನೆ: ಸಂತೆಯಲ್ಲಿ ಜಾಗ ಯಾರು ಕೊಡುತ್ತಾರೆ? ಮಾಮೂಲಿ ಕೊಡಬೇಕಾ? (ಬೀದಿ ಬದಿ ವ್ಯಾಪಾರಿ)

ಉತ್ತರ: ಅಣ್ಣಾ, ನಿಮ್ಮ ಪ್ರಶ್ನೆ ಓದಿ ನಕ್ಕೆ, ಆಮೇಲೆ ಬೇಜಾರೂ ಆಯಿತು.

ಅಲ್ಲಿ ಸಂತೆ ನಗರಸಭೆಯದು. ಎಲ್ಲಿ, ಯಾವ ದಿನ, ಎಷ್ಟು ಸುಂಕ ಎಲ್ಲ ಸಭೆಯಲ್ಲಿ ತೀರ್ಮಾನ ಆಗುತ್ತದೆ. ಸುಂಕ ಕಟ್ಟುವುದು ಉದ್ದದ ಲೆಕ್ಕದಲ್ಲಿ. ಗಿರಾಕಿ ನಿಲ್ಲುವ ಕಡೆ ನಿಮ್ಮ ಮೇಜು ಎಷ್ಟು ಮೀಟರ್ ಇದೆಯೋ ಅಷ್ಟಕ್ಕೆ. ಫ್ರಾನ್ಸಿನ ಸಂತೆಗಳಲ್ಲಿ ವ್ಯಾಪಾರಿಗಳು ಎರಡು ಬಗೆ. ವರ್ಷದ ಚಂದಾ ಕಟ್ಟಿದವರಿಗೆ ಗೊತ್ತಾದ ಜಾಗ ಇರುತ್ತದೆ, ಅದೇ ಮೂಲೆ, ಅದೇ ಕಂಬ. ಚಂದಾ ಇಲ್ಲದವರು ಬೆಳಗಿನ ಜಾವ ಬಂದು ಕಾಯುತ್ತಾರೆ. ಪ್ಲಾಸ್ಯೆ ಅನ್ನುವ ಅಧಿಕಾರಿ ಬರುತ್ತಾರೆ. ಇವತ್ತು ಯಾರು ರಜೆ, ಎಷ್ಟು ಜಾಗ ಮಿಕ್ಕಿದೆ ಅಂತ ನೋಡಿ ಹಂಚುತ್ತಾರೆ. ಕೆಲವು ಊರಿನಲ್ಲಿ ಚೀಟಿ ಎತ್ತುತ್ತಾರೆ, ಕೆಲವು ಕಡೆ ಹಳಬರಿಗೆ ಮೊದಲು. ಸುಂಕಕ್ಕೆ ರಸೀದಿ ಕೊಡಬೇಕು. ಬೇರೆ ಊರಿನ ಸಂತೆಗಳಲ್ಲಿ ಸುತ್ತುವ ವ್ಯಾಪಾರಿಗಳಿಗೆ ಒಂದು ಕಾರ್ಡು ಇದೆ, ನಾಲ್ಕು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು.

ಹಾಗಂತ ಸುಖದ ಜೀವನ ಅಂದುಕೊಳ್ಳಬೇಡಿ. ಬೆಳಗಿನ ಜಾವ ಮೂರಕ್ಕೆ ಎದ್ದು ವ್ಯಾನು ತುಂಬಬೇಕು. ಜನವರಿಯಲ್ಲಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಸಂಜೆವರೆಗೆ ನಿಂತೇ ಇರಬೇಕು. ಬೆರಳು ಕತ್ತರಿಸಿದ ಕೈಗವಸು ಹಾಕಿಕೊಂಡು ಚಿಲ್ಲರೆ ಎಣಿಸುವವರನ್ನು ನೋಡಿದ್ದೇನೆ. ಸಂತೆ ಎದ್ದ ಮೇಲೆ ತಮ್ಮ ಕಸ ತಾವೇ ಒಟ್ಟುಮಾಡಿ ಹೋಗಬೇಕು. ಆಮೇಲೆ ನಗರಸಭೆಯ ಗಾಡಿ ಬಂದು ನೀರು ಹಾಯಿಸಿ ತೊಳೆಯುತ್ತದೆ.

ಪ್ರಶ್ನೆ: ರೈತರೇ ಮಾರುತ್ತಾರೋ, ಮಂಡಿಯಿಂದ ತಂದವರೋ ಹೇಗೆ ಗೊತ್ತಾಗುತ್ತೆ? (ಕೃಷಿಕರು)

ಉತ್ತರ: ಮೇಜು ನೋಡಿ. ನಾಲ್ಕೇ ಬಗೆ ತರಕಾರಿ, ಬೇರಿಗೆ ಮಣ್ಣು, ಒಂದೊಂದು ಒಂದೊಂದು ಗಾತ್ರ ಇದ್ದರೆ ಬೆಳೆದವರೇ. ಬಾಳೆಹಣ್ಣು, ಸ್ಪೇನಿನ ಟೊಮೇಟೊ, ಅಲ್ಸಾಸಿನ ಆಲೂಗಡ್ಡೆ ಒಟ್ಟಿಗಿದ್ದರೆ ಮಂಡಿಯಿಂದ ತಂದದ್ದು. ಇಬ್ಬರೂ ಬೇಕು ಅನ್ನುವುದು ನನ್ನ ವಾದ. ಬರೀ ರೈತರೇ ಮಾರಬೇಕು ಅನ್ನುವ ಸಂತೆಗಳೂ ಫ್ರಾನ್ಸಿನಲ್ಲಿವೆ. ಚೆನ್ನಾಗಿರುತ್ತವೆ. ಬೆಲೆ ನೋಡಿ ವಾಪಸು ಹೋಗುವವರೂ ಇರುತ್ತಾರೆ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಸಂತೆಯಲ್ಲಿ ಹೊಟ್ಟೆ ತುಂಬುತ್ತದೆಯೇ? (ಪ್ರವಾಸಕ್ಕೆ ಹೊರಟ ಹಿರಿಯ ದಂಪತಿ)

ಉತ್ತರ: ತುಂಬುತ್ತದೆ, ಕೇಳಿ ತಿನ್ನಬೇಕು ಅಷ್ಟೇ.

ಟರ್ಕಿಯವರ ಗೋಜ್ಲೆಮೆ ಹುಡುಕಿ. ತೆಳ್ಳಗೆ ಲಟ್ಟಿಸಿದ ಹಾಳೆಯೊಳಗೆ ಪಾಲಕ್ಕೋ ಆಲೂಗಡ್ಡೆಯೋ ಇಟ್ಟು ಮಡಚಿ ಕಾವಲಿ ಮೇಲೆ ಬೇಯಿಸುತ್ತಾರೆ. ಆಲಿವ್ ಕಾಯಿ ಹತ್ತು ಬಗೆ ಇರುತ್ತದೆ. ಬ್ರೆಟ್ಜೆಲ್ ಅಂತ ಉಪ್ಪು ಉದುರಿಸಿದ ಗಂಟಿನಾಕಾರದ ಬ್ರೆಡ್ಡು ಅಲ್ಸಾಸಿನ ಹೆಮ್ಮೆ. ಅದಕ್ಕೆ ಕೆಲವರು ಹಂದಿ ಕೊಬ್ಬು ಹಾಕುವುದುಂಟು, ಕೇಳಿಕೊಳ್ಳಿ. ಬಿಬೆಲೆಸ್ಕೇಸ್ ಅಂತ ಇನ್ನೊಂದಿದೆ. ಗಟ್ಟಿ ಮೊಸರಿನಂಥ ಬಿಳಿ ಚೀಸ್‌ಗೆ ಬೆಳ್ಳುಳ್ಳಿ, ಸೊಪ್ಪು ಕಲಸಿ ಬಿಸಿ ಆಲೂಗಡ್ಡೆ ಜೊತೆ ಕೊಡುತ್ತಾರೆ. ನಮ್ಮ ನಾಲಿಗೆಗೆ ತಕ್ಷಣ ಒಗ್ಗುತ್ತದೆ. ಕೂಗೆಲೋಫ್ ಕೇಕಿಗೆ ಮೊಟ್ಟೆ ಇದ್ದೇ ಇರುತ್ತದೆ, ಬಿಡಿ. ತಾರ್ತ್ ಫ್ಲಾಂಬೆ ಅಂದರೆ ತೆಳು ರೊಟ್ಟಿ ಮೇಲೆ ಕ್ರೀಮು, ಈರುಳ್ಳಿ, ಹಂದಿ ಮಾಂಸದ ಚೂರು. ಮಾಂಸ ಬೇಡ ಅಂತ ಹೇಳಿದರೆ ಕೆಲವರು ಬಿಟ್ಟು ಮಾಡಿಕೊಡುತ್ತಾರೆ, ಆದರೆ ಒಲೆ ಒಂದೇ.

ಚೀಸ್ ವಿಚಾರದಲ್ಲಿ ಕಡ್ಡಿ ಮುರಿದಂತೆ ಹೇಳುತ್ತೇನೆ. ಮ್ಯುನ್‌ಸ್ಟರ್ ಸೇರಿದಂತೆ ಹಳೆ ಪದ್ಧತಿಯ ಫ್ರೆಂಚ್ ಚೀಸ್‌ಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದು ಸಾಮಾನ್ಯ. ಕಟ್ಟುನಿಟ್ಟಿನ ಸಸ್ಯಾಹಾರಿಗಳಾದರೆ ದೂರ ಇರಿ.

ಪ್ರಶ್ನೆ: ಬಟ್ಟೆ ವ್ಯಾಪಾರ ನಮ್ಮ ಮೂರು ತಲೆಮಾರಿನ ಕಸುಬು. ಮುಲೂಜ್ ಜವಳಿ ಊರು ಅಂದಿರಿ. ನಮಗೂ ಅದಕ್ಕೂ ಏನಾದರೂ ನಂಟಿದೆಯೇ? (ಜವಳಿ ಅಂಗಡಿ ಮಾಲೀಕರು)

ಉತ್ತರ: ನಂಟಾ? ಆ ಊರಿನ ಉದ್ಯಮ ಶುರುವಾಗಿದ್ದೇ ನಮ್ಮ ಬಟ್ಟೆ ನೋಡಿ!

ಹದಿನೇಳನೇ ಶತಮಾನದಲ್ಲಿ ಭಾರತದ ಅಚ್ಚು ಹಾಕಿದ ಹತ್ತಿ ಬಟ್ಟೆ ಯುರೋಪಿಗೆ ಹುಚ್ಚು ಹಿಡಿಸಿತ್ತು. ಕೋರಮಂಡಲ ತೀರದ್ದು, ಗುಜರಾತಿನದ್ದು. ತೊಳೆದರೂ ಬಣ್ಣ ಬಿಡದ ಬಟ್ಟೆಯನ್ನು ಅವರು ಅಷ್ಟಾಗಿ ಕಂಡಿರಲಿಲ್ಲ. ಫ್ರಾನ್ಸಿನ ರೇಷ್ಮೆ, ಉಣ್ಣೆ ನೇಯುವವರು ಬೊಬ್ಬೆ ಹೊಡೆದರು. 1686ರಲ್ಲಿ ದೊರೆ ಅದನ್ನು ನಿಷೇಧಿಸಿದ. ತರುವ ಹಾಗಿಲ್ಲ, ನಕಲು ಮಾಡುವ ಹಾಗೂ ಇಲ್ಲ. 1759ರವರೆಗೂ ಈ ನಿಷೇಧ ನಡೆಯಿತು. ಮುಲೂಜ್ ಆಗ ಫ್ರಾನ್ಸಿಗೆ ಸೇರಿರಲಿಲ್ಲ. ಸ್ವಿಸ್ ಊರುಗಳ ಜೊತೆ ಒಪ್ಪಂದ ಮಾಡಿಕೊಂಡಿದ್ದ ಪುಟ್ಟ ಸ್ವತಂತ್ರ ಗಣರಾಜ್ಯ. ಫ್ರಾನ್ಸಿನ ನಿಷೇಧ ಇವರಿಗೆ ಅನ್ವಯಿಸುತ್ತಿರಲಿಲ್ಲ. 1746ರಲ್ಲಿ ಇಲ್ಲಿ ಮೊದಲ ಅಚ್ಚು ಕಾರ್ಖಾನೆ ಎದ್ದಿತು. ಹೂಬಳ್ಳಿ, ಮಾವಿನಕಾಯಿ ವಿನ್ಯಾಸ ಎಲ್ಲ ನಮ್ಮದೇ. ಊರು ಫ್ರಾನ್ಸಿಗೆ ಸೇರಿದ್ದು 1798ರಲ್ಲಿ. ಅಷ್ಟರಲ್ಲಿ ಇವರು ದುಡ್ಡು ಮಾಡಿ ಮುಗಿಸಿದ್ದರು.

ರೈಲು ನಿಲ್ದಾಣದ ಹತ್ತಿರ ಅಚ್ಚು ಬಟ್ಟೆಗಳ ವಸ್ತುಸಂಗ್ರಹಾಲಯವಿದೆ. ಓದುವಾಗ ಅಲ್ಲೇ ಬಹಳ ಮಧ್ಯಾಹ್ನ ಕಳೆದಿದ್ದೇನೆ. ಕೆತ್ತಿದ ಮರದ ಅಚ್ಚುಗಳ ಹಿಡಿಯಲ್ಲಿ ಬೆರಳು ಸವೆದ ಗುರುತು ಕಾಣುತ್ತದೆ. ಈಗಲೂ ಕ್ರಿಸ್ಮಸ್ ಸಂತೆಗೆ ಊರಿನವರು ಪ್ರತಿ ವರ್ಷ ಒಂದು ಹೊಸ ಬಟ್ಟೆಯ ವಿನ್ಯಾಸ ಮಾಡಿಸುತ್ತಾರೆ. ಮಳಿಗೆಗಳ ಮೇಲೆ, ಕಟ್ಟಡಗಳ ಮೇಲೆ ಆ ವರ್ಷದ ಬಟ್ಟೆಯೇ. ಮೀಟರ್ ಲೆಕ್ಕದಲ್ಲಿ ಮಾರುತ್ತಾರೆ ಕೂಡ. ವಾರದ ಸಂತೆಯಲ್ಲಿ ಬಟ್ಟೆ ಕತ್ತರಿಸಿ ಕೊಡುವ ಮೇಜುಗಳಿವೆ. ಈ ಸಲ ಒಂದು ಥಾನು ಕೈಗೆತ್ತಿಕೊಂಡು ಅಂಚು ತಿರುಗಿಸಿ ನೋಡಿದೆ. ನೇಯ್ಗೆ ಸಡಿಲ, ಬಣ್ಣ ಒಂದೇ ಕಡೆ ಕೂತಿದೆ, ಹಿಂಬದಿ ಪೇಲವ. ಪಾಲಿಯೆಸ್ಟರ್ ಬೆರಕೆ, ಏಷ್ಯಾದಿಂದ ಬಂದದ್ದು. ಮಾರುವಾತ ನನ್ನ ಕೈ ಓಡುವುದನ್ನೇ ನೋಡುತ್ತಿದ್ದ. "ನೀವು ಈ ಕಸುಬಿನವರು, ನಿಮಗೆ ಇದು ಬೇಡ" ಅಂತ ತಾನೇ ಕಿತ್ತುಕೊಂಡು ಕೆಳಗಿನಿಂದ ಇನ್ನೊಂದು ತೆಗೆದ. ಅದನ್ನು ಕೊಂಡೆ.

ಪ್ರಶ್ನೆ: ಅಲ್ಲಿ ಚಾಡಿ ಹೇಳುವವರಿಗೆ ಕಲ್ಲು ಕಟ್ಟುತ್ತಿದ್ದರಂತೆ, ನಿಜವೇ? ನಮ್ಮ ಅಪಾರ್ಟ್‌ಮೆಂಟಿಗೆ ಒಂದು ಬೇಕಿತ್ತು. (ಹೆಸರು ಬೇಡ ಎಂದವರು)

ಉತ್ತರ: ನಿಜ. ಕ್ಲಾಪರ್‌ಸ್ಟೈನ್ ಅಂತ ಅದಕ್ಕೆ ಹೆಸರು. ನಾಲಿಗೆ ಹೊರಚಾಚಿದ ಮುಖ ಕೆತ್ತಿದ ಕಲ್ಲು, ಹನ್ನೆರಡು ಕಿಲೋ ಮೇಲಿದೆ. ಇಲ್ಲಸಲ್ಲದ್ದು ಹೇಳಿ ಹೆಸರು ಕೆಡಿಸಿದವರ ಕುತ್ತಿಗೆಗೆ ಕಟ್ಟಿ ಊರು ಸುತ್ತಿಸುತ್ತಿದ್ದರು, ಅದೂ ಸಂತೆ ದಿನವೇ. ನಡು ಪೇಟೆಯ ಕೆಂಪು ಬಣ್ಣದ ಹಳೆ ನಗರಸಭಾ ಕಟ್ಟಡದ ಗೋಡೆಗೆ ಅದರ ಪ್ರತಿ ತೂಗುಹಾಕಿದ್ದಾರೆ. ಕಟ್ಟಡ 1552ರದ್ದು. ನಿಮ್ಮ ಅಪಾರ್ಟ್‌ಮೆಂಟಿಗೆ ಒಂದೇ ಸಾಕಾ?

ಪ್ರಶ್ನೆ: ನೀವು ಬರೆದದ್ದು ಪ್ರವಾಸಿ ಕಣ್ಣಿನ ಬರಹ. ಕಲ್ಲು ಹಾಸಿ, ಕಾಫಿ ಅಂಗಡಿ ತೆರೆದರೆ ಬಾಡಿಗೆ ಏರುತ್ತದೆ, ಬಡವರು ಹೊರಗೆ ಬೀಳುತ್ತಾರೆ. ಅದನ್ನು ಯಾಕೆ ಬರೆಯಲಿಲ್ಲ? (ಸಮಾಜಶಾಸ್ತ್ರ ಅಧ್ಯಾಪಕರು)

ಉತ್ತರ: ಸರಿಯಾದ ಪ್ರಶ್ನೆ ಸರ್, ಅರ್ಧ ಪುಟದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮುಲೂಜ್ ಇವತ್ತಿಗೂ ಬಡ ಊರು. ಸುಮಾರು ಮೂರರಲ್ಲಿ ಒಬ್ಬರು ಫ್ರಾನ್ಸಿನ ಬಡತನ ರೇಖೆಗಿಂತ ಕೆಳಗಿದ್ದಾರೆ. ಕಲ್ಲುಹಾಸಿನ ಬೀದಿಯಿಂದ ಹತ್ತು ನಿಮಿಷ ನಡೆದರೆ ಗಾರೆ ಉದುರಿದ ಮನೆಗಳು ಸಿಗುತ್ತವೆ. ಮೂರು ಯೂರೋ ಕೊಟ್ಟು ಕಾಫಿ ಕುಡಿಯುವವರು ಊರಿನವರೆಲ್ಲ ಅಲ್ಲ. ಹೊಸ ಅಂಗಡಿಗಳಲ್ಲಿ ಎಲ್ಲವೂ ಉಳಿದಿಲ್ಲ. ನಾನು ಕಂಡಂತೆ ಒಂದೆರಡು ಕಡೆ ಬೋರ್ಡು ಹೊಸದು, ಒಳಗೆ ಖಾಲಿ.

2020ರ ವಸಂತದಲ್ಲಿ ಇನ್ನೊಂದು ಹೊಡೆತ ಬಿತ್ತು. ಫ್ರಾನ್ಸಿನಲ್ಲಿ ಕೋವಿಡ್ ಮೊದಲು ಜೋರಾಗಿ ಬಡಿದ ಊರುಗಳಲ್ಲಿ ಮುಲೂಜ್ ಒಂದು. ಆಸ್ಪತ್ರೆ ಎದುರು ಸೇನೆ ಡೇರೆ ಹಾಕಿ ಚಿಕಿತ್ಸೆ ಕೊಟ್ಟಿತು. ಮಾರ್ಚ್ ಕೊನೆಯ ವಾರ ದೇಶದ ಸಂತೆಗಳನ್ನೆಲ್ಲ ಮುಚ್ಚಿಸಿದರು, ಮೇಯರ್ ಕೇಳಿದರೆ ಜಿಲ್ಲಾಡಳಿತ ವಿನಾಯಿತಿ ಕೊಡಬಹುದಿತ್ತು. ಸೂಪರ್‌ಮಾರ್ಕೆಟ್ ಮಾತ್ರ ತೆರೆದೇ ಇತ್ತು. ಸಂತೆಯವರಿಗೆ ಈ ಸಿಟ್ಟು ಇನ್ನೂ ಆರಿಲ್ಲ. ನಾಲ್ಕು ಗೋಡೆ ಒಳಗೆ ಕೊಳ್ಳಬಹುದು, ಗಾಳಿಯಲ್ಲಿ ಕೊಳ್ಳಬಾರದಾ ಅಂತ ಆಲಿವ್ ಮಾರುವವರೊಬ್ಬರು ನನ್ನನ್ನೇ ಕೇಳಿದರು, ಕಾನೂನು ಮಾಡಿದವಳು ನಾನೇ ಅನ್ನೋ ಥರ.

ಆದರೆ ಬಡವರು ಹೊರಗೆ ಬಿದ್ದರು ಅನ್ನುವ ಮಾತನ್ನು ಈ ಊರಿನ ಮಟ್ಟಿಗೆ ನಾನು ಪೂರ್ತಿ ಒಪ್ಪುವುದಿಲ್ಲ. ಶನಿವಾರ ಸಂತೆಯಲ್ಲಿ ನಿಂತು ನೋಡಿ. ಹತ್ತು ಕಿಲೋ ಈರುಳ್ಳಿ ಚೀಲ ಗಾಲಿ ಬುಟ್ಟಿಯಲ್ಲಿ ಎಳೆದುಕೊಂಡು ಹೋಗುವ ದೊಡ್ಡ ಸಂಸಾರದ ಹೆಂಗಸರು, ಬೆಟ್ಟದ ಬದಿಯ ದೊಡ್ಡ ಮನೆಗಳಿಂದ ಚೀಸ್‌ಗೆ ಬಂದವರು, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ದುಡಿದು ಫ್ರಾಂಕ್‌ನಲ್ಲಿ ಸಂಬಳ ಎಣಿಸುವವರು, ಎಲ್ಲ ಒಂದೇ ಸಾಲಿನಲ್ಲಿ. ಆ ಅಗ್ಗದ ಈರುಳ್ಳಿ ಚೀಲ ಇರುವವರೆಗೆ ಪೇಟೆ ಎಲ್ಲರದ್ದು. ಅದರ ಜಾಗದಲ್ಲಿ ಲ್ಯಾವೆಂಡರ್ ಸಾಬೂನು ಮಾತ್ರ ಇಟ್ಟ ಸಂತೆಗಳನ್ನೂ ಫ್ರಾನ್ಸಿನ ದಕ್ಷಿಣದಲ್ಲಿ ನೋಡಿದ್ದೇನೆ. ಫೋಟೋಗೆ ಚೆಂದ.

ಪ್ರಶ್ನೆ: ಹೋಗುವುದಾದರೆ ಹೇಗೆ, ಯಾವಾಗ? (ಹಲವರು)

ಉತ್ತರ: ಪ್ಯಾರಿಸಿನಿಂದ ಟಿಜಿವಿ ರೈಲಿನಲ್ಲಿ ಮೂರು ಗಂಟೆ ಒಳಗೆ. ಬಾಸೆಲ್‌ನಿಂದ ಅರ್ಧ ಗಂಟೆಯೂ ಇಲ್ಲ, ಸ್ಟ್ರಾಸ್‌ಬೂರ್‌ನಿಂದ ಸುಮಾರು ಒಂದು ಗಂಟೆ. ನಿಲ್ದಾಣದಿಂದ ನಡು ಪೇಟೆಗೆ ನಡೆದೇ ಹೋಗಬಹುದು. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಹೋದರೆ ಬಿಳಿ ಆಸ್ಪ್ಯಾರಗಸ್, ಆಗಸ್ಟ್ ಕೊನೆಗೆ ಪ್ಲಮ್, ಡಿಸೆಂಬರಿನಲ್ಲಿ ಕ್ರಿಸ್ಮಸ್ ಬಟ್ಟೆ. ಶನಿವಾರ ಬೆಳಗ್ಗೆಯೇ ಸಂತೆಯಲ್ಲಿರಿ. ಭಾನುವಾರಕ್ಕೆ ಮಾತ್ರ ಪ್ಲಾನ್ ಮಾಡಬೇಡಿ. ಅಲ್ಸಾಸಿನಲ್ಲಿ ಭಾನುವಾರದ ರಜೆಗೆ ಫ್ರಾನ್ಸಿನ ಉಳಿದ ಭಾಗಕ್ಕಿಂತ ಬಿಗಿಯಾದ ಸ್ಥಳೀಯ ಕಾನೂನಿದೆ. ಗುಡ್ ಫ್ರೈಡೇ, ಡಿಸೆಂಬರ್ 26 ಕೂಡ ಅಲ್ಲಿ ರಜೆ, ಪ್ಯಾರಿಸಿನಲ್ಲಿ ಅಲ್ಲ. ಆ ದಿನ ಬಂದಿಳಿದರೆ ಬ್ರೆಡ್ಡಿಗೂ ಅಲೆಯಬೇಕಾಗುತ್ತದೆ.